ತಿರುಳ್ಗನ್ನಡದ ತಿರುಕ: ರೆವರೆಂಡ್ ಉತ್ತಂಗಿ ಚನ್ನಪ್ಪನವರು

ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಯ ಕಡೆಗೆ ಸಾಗುವ ದಾರಿಯಲ್ಲಿ ಅಂತರಸಂತೆಯೆಂಬ ಊರಿದೆ. ಅಲ್ಲಿಂದ ಮುಂದೆ ಕಾಡು, ಕಾಡಿನಾಚೆ ಮಲೆಯಾಳದ ನಾಡು. ಕನ್ನಡ ನಾಡಿನ ತೆಂಕಣ ಅಂಚಿನ ಇಂಥ ಊರುಗಳ ಶಾಲೆಗಳಲ್ಲಿಯೂ ಸರ್ವಜ್ಞನ ತ್ರಿಪದಿಗಳನ್ನು ಒಪ್ಪಿಸದ ಮಗುವಿಲ್ಲ. ಒಕ್ಕಲು ಮನೆಯ ಮಗುವಾಗಲಿ, ಲಿಂಗವಂತರ ಮನೆಯ ಮಗುವಾಗಲಿ, ಹಾಡಿಯಿಂದ ನಡೆದು ಬಂದ ಜೇನುಕುರುಬರ ಮಗುವಾಗಲಿ, ಆ ಮೂರು ಸಾಲುಗಳನ್ನು ನುಡಿಯುವಾಗ ಎಲ್ಲರ ನಾಲಿಗೆಯೂ ಒಂದೇ ಧಾಟಿಯಲ್ಲಿ ಹೊರಳುತ್ತದೆ. ಆದರೆ ಊರೂರುಗಳಲ್ಲಿ ಚದುರಿ ಬಿದ್ದಿದ್ದ ಆ ಪದ್ಯಗಳನ್ನು ಒಂದೊಂದಾಗಿ ಆಯ್ದು, ಶೋಧಿಸಿ, ೧೯೨೪ರಲ್ಲಿ ಬೃಹತ್ ಗ್ರಂಥವಾಗಿ ಕನ್ನಡಿಗರ ಕೈಗಿತ್ತವರು ಧಾರವಾಡ ಸೀಮೆಯ ಒಬ್ಬ ಕ್ರೈಸ್ತ ಪಾದ್ರಿಗಳೆಂಬುದನ್ನು ಬಲ್ಲವರು ವಿರಳ. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಅಂತರಸಂತೆಯೆಂಬ ಹೆಸರಿನ ನಿಷ್ಪತ್ತಿ ಏನೇ ಇರಲಿ, ಅದರೊಳಗೆ ಕೇಳಿಬರುವ ಎರಡು ಮಾತುಗಳು ಈ ಮಹನೀಯರ ಬಾಳಿಗೆ ಚೆನ್ನಾಗಿ ಒಪ್ಪುತ್ತವೆ. ಅಂತರವೆಂದರೆ ನಡುವಿನ ದೂರ. ಸಂತೆಯೆಂದರೆ ದೂರದವರು ಬಂದು ಕೂಡುವ ಬಯಲು. ಮತಮತಗಳ ನಡುವಣ ದೂರವನ್ನು ಬಾಲ್ಯದಿಂದಲೇ ಉಂಡು ಬೆಳೆದು, ಆ ದೂರವನ್ನೇ ಜನ ಕೂಡುವ ಬಯಲನ್ನಾಗಿ ಮಾಡಿದ ಜೀವನ ಚನ್ನಪ್ಪನವರದು.

ಮನೆತನ ಮತ್ತು ಬಾಲ್ಯ

ಚನ್ನಪ್ಪನವರು ಜನಿಸಿದ್ದು ೧೮೮೧ರ ಅಕ್ಟೋಬರ್ ೨೮ರಂದು, ಧಾರವಾಡದಲ್ಲಿ. ಮನೆತನದ ಮೂಲಸ್ಥಳ ಅಂದಿನ ಬಳ್ಳಾರಿ ಜಿಲ್ಲೆಯ ಹಡಗಲಿ ತಾಲ್ಲೂಕಿಗೆ ಸೇರಿದ್ದ ಉತ್ತಂಗಿ ಗ್ರಾಮ. ಮೂಲದಲ್ಲಿ ಅದು ಲಿಂಗವಂತ ಮನೆತನ. ಮುಂದೆ ಕ್ರಿಸ್ತಮತವನ್ನು ಸ್ವೀಕರಿಸಿತು. ತಂದೆಯವರ ಹೆಸರು ದಾನಿಯೇಲಪ್ಪ. ಆ ಹೆಸರೊಂದೇ ಮನೆಯ ಸ್ಥಿತಿಯನ್ನು ಸಾರುತ್ತದೆ. ದಾನಿಯೇಲನು ಬೈಬಲ್ಲಿನ ಪ್ರವಾದಿ. ಕೊನೆಗೆ ಸೇರಿದ ಅಪ್ಪ ಎಂಬುದು ಕನ್ನಡದ ನೆಲದ್ದು. ಮಗನಿಗೆ ಬಂದ ಹೆಸರಾದರೋ ಅಪ್ಪಟ ದೇಶೀಯ, ಕಲ್ಯಾಣದ ಚೆನ್ನಬಸವಣ್ಣನವರನ್ನು ನೆನಪಿಗೆ ತರುವಂಥದು. ಅದರ ಮುಂದೆ ಪೂರ್ವಜರ ಊರಿನ ಹೆಸರು. ಮತ ಬದಲಾದರೂ ಊರು ಬಿಡಲಿಲ್ಲ, ನುಡಿ ಬಿಡಲಿಲ್ಲ ಎಂಬುದಕ್ಕೆ ಆ ಹೆಸರುಗಳೇ ಸಾಕ್ಷಿ.

ಅಂದಿನ ದಿನಗಳಲ್ಲಿ ಮತವನ್ನು ಬಿಟ್ಟವನು ಬಳಗವನ್ನೂ ಬಿಡಬೇಕಾಗಿತ್ತು. ಕೊಡುಕೊಳೆ ನಿಲ್ಲುತ್ತಿತ್ತು, ಪಂಕ್ತಿ ತಪ್ಪುತ್ತಿತ್ತು, ಎಷ್ಟೋ ವೇಳೆ ಕುಲಕಸುಬೂ ಕೈಬಿಡುತ್ತಿತ್ತು. ಬಾಸೆಲ್ ಮಿಷನ್ನಿನವರು ತಮ್ಮ ಕೇಂದ್ರಗಳಲ್ಲಿ ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳನ್ನು ಸ್ಥಾಪಿಸಿದ್ದು ಹೀಗೆ ನೆಲೆ ತಪ್ಪಿದವರಿಗೆ ಜೀವನೋಪಾಯವೊಂದನ್ನು ಕಲ್ಪಿಸುವ ಸಲುವಾಗಿಯೂ ಹೌದು. ಹೀಗೆ ಬಿಟ್ಟು ಬಂದವರು ಒಂದೆಡೆ, ಬಿಡಲ್ಪಟ್ಟವರು ಇನ್ನೊಂದೆಡೆ. ಎರಡೂ ಕಡೆಯಲ್ಲಿ ನೋವು, ಎರಡೂ ಕಡೆಯಲ್ಲಿ ಪರಸ್ಪರರ ವಿಷಯದಲ್ಲಿ ತಿರಸ್ಕಾರ. ಪೂರ್ವಜರ ಧರ್ಮವೆಲ್ಲ ಕತ್ತಲೆಯೆಂದು ಒಬ್ಬರು, ಮತ ಬಿಟ್ಟವನು ನಾಡನ್ನೂ ಬಿಟ್ಟನೆಂದು ಮತ್ತೊಬ್ಬರು. ಇಂಥ ಬಿರುಕಿನ ನಡುವೆ ಬೆಳೆದ ಬಾಲಕನು ಎರಡರಲ್ಲಿ ಒಂದು ಕಡೆ ನಿಂತು ಇನ್ನೊಂದನ್ನು ಹಳಿಯುವುದು ಲೋಕರೂಢಿ. ಚನ್ನಪ್ಪನವರು ಆ ರೂಢಿಯ ದಾರಿ ಹಿಡಿಯಲಿಲ್ಲವೆಂಬುದೇ ಅವರ ಚರಿತ್ರೆಯ ಸಾರ.

ವಿದ್ಯಾಭ್ಯಾಸ

ಅವರ ವಿದ್ಯಾಭ್ಯಾಸ ಧಾರವಾಡದ ಬಾಸೆಲ್ ಮಿಷನ್ ಶಾಲೆಯಲ್ಲಿ ನಡೆಯಿತು. ತರುವಾಯ ಮಂಗಳೂರಿನ ದೈವಜ್ಞಾನ ಶಾಲೆಯಲ್ಲಿ ಕ್ರೈಸ್ತ ಶಾಸ್ತ್ರಗಳನ್ನು ಅಭ್ಯಸಿಸಿ ಬೋಧಕ ವೃತ್ತಿಗೆ ಸಿದ್ಧರಾದರು.

ಬಾಸೆಲ್ ಮಿಷನ್ನು ಮಂಗಳೂರಿಗೆ ಬಂದದ್ದು ೧೮೩೪ರಲ್ಲಿ. ಧಾರವಾಡದಲ್ಲಿ ನೆಲೆಯೂರಿದ್ದು ೧೮೩೭ರಲ್ಲಿ. ಮತಪ್ರಸಾರವೇ ಅವರ ಮುಖ್ಯೋದ್ದೇಶವಾಗಿದ್ದರೂ ಅವರಲ್ಲಿ ಕೆಲವರು ಕನ್ನಡಕ್ಕೆ ಮನಸೋತರು. ಹರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಕನ್ನಡದ ಮೊದಲ ವೃತ್ತಪತ್ರಿಕೆಯನ್ನು ಹೊರಡಿಸಿದರು. ಬಸವಪುರಾಣವೇ ಮೊದಲಾದ ಹಳೆಯ ಕಾವ್ಯಗಳನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಫರ್ಡಿನಂಡ್ ಕಿಟ್ಟೆಲರು ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದರು. ಹಲವು ವರ್ಷಗಳ ತಪಸ್ಸಿನ ಫಲವಾಗಿ ೧೮೯೪ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಪರದೇಶದಿಂದ ಬಂದು ಕನ್ನಡವನ್ನು ತಮ್ಮದನ್ನಾಗಿ ಮಾಡಿಕೊಂಡವರ ಪರಂಪರೆಯಿದು. ಚನ್ನಪ್ಪನವರು ಈ ಪರಂಪರೆಯ ಉತ್ತರಾಧಿಕಾರಿಗಳು. ಆದರೆ ಒಂದು ಮಹತ್ತರ ಭೇದವುಂಟು. ಮೋಗ್ಲಿಂಗ್, ಕಿಟ್ಟೆಲರಿಗೆ ಕನ್ನಡವು ಕಲಿತು ಗಳಿಸಿದ ನುಡಿ; ಚನ್ನಪ್ಪನವರಿಗೆ ಅದು ತಾಯ ಎದೆಹಾಲು. ಆ ವಿದೇಶೀಯರು ಹೊರಗಿನಿಂದ ಒಳಕ್ಕೆ ಬಂದವರು. ಇವರಾದರೋ ಒಳಗಿನವರಾಗಿದ್ದು, ಹೊರಗಿನವರೆನಿಸಿಕೊಂಡು, ಮತ್ತೆ ತಮ್ಮ ಸ್ವಸಾಮರ್ಥ್ಯದಿಂದ ಒಳಕ್ಕೆ ಬರಬೇಕಾಗಿದ್ದವರು.

ಬೋಧಕ ವೃತ್ತಿ

ಅಂದಿನ ಧಾರವಾಡ ಜಿಲ್ಲೆಯ ಊರುಗಳಲ್ಲಿ ಚನ್ನಪ್ಪನವರು ಬಹುಕಾಲ ಬೋಧಕರಾಗಿ ಸೇವೆ ಸಲ್ಲಿಸಿದರು. ಹಳ್ಳಿಗಾಡಿನ ಕ್ರೈಸ್ತ ಬೋಧಕನ ಕೆಲಸ ಚರ್ಚಿನ ಪೀಠದಲ್ಲಿಯೇ ಮುಗಿಯತಕ್ಕದ್ದಲ್ಲ. ಸಂತೆ, ಜಾತ್ರೆ, ಹೊಲ, ಕಟ್ಟೆ ಎಲ್ಲಿ ಜನರಿರುವರೋ ಅಲ್ಲಿ ಹೋಗಿ ಮಾತನಾಡಬೇಕು; ಜನರ ಪ್ರಶ್ನೆಗಳಿಗೆ, ಕುಚೋದ್ಯಕ್ಕೆ, ಕೆಲವೊಮ್ಮೆ ಕೋಪಕ್ಕೆ ಉತ್ತರ ಹೇಳಬೇಕು.

ಕ್ರೈಸ್ತ ಬೋಧಕನಾದವನು ಎಷ್ಟೋ ಬಾರಿ ಓದಿ ಹೇಳಬೇಕಾದ ಕಥೆಯೊಂದು ಸುವಾರ್ತೆಯಲ್ಲಿದೆ. ಯೆಹೂದ್ಯರಿಗೂ ಸಮಾರ್ಯ ಸೀಮೆಯವರಿಗೂ ಬಳಕೆ ಇರಲಿಲ್ಲ. ದಾರಿ ನಡೆದು ದಣಿದ ಯೇಸು ಬಾವಿಯ ಬಳಿ ಕುಳಿತು, ನೀರಿಗೆ ಬಂದ ಸಮಾರ್ಯದ ಹೆಂಗಸನ್ನು ಕುಡಿಯಲು ನೀರು ಬೇಡುತ್ತಾನೆ. ಬೇಡಿದವನು ಯೆಹೂದ್ಯನೆಂಬುದನ್ನು ಕಂಡು ಆಕೆಯೇ ಬೆರಗಾಗುತ್ತಾಳೆ. ಇನ್ನೊಂದು ದೃಷ್ಟಾಂತದಲ್ಲಿ, ಕಳ್ಳರ ಕೈಗೆ ಸಿಕ್ಕಿ ದಾರಿಯಲ್ಲಿ ಅರೆಜೀವವಾಗಿ ಬಿದ್ದವನನ್ನು ಅವನ ಮತದ ಪುರೋಹಿತನೇ ಕಂಡೂ ಕಾಣದಂತೆ ಹಾದುಹೋಗುತ್ತಾನೆ. ಎತ್ತಿ ಉಪಚರಿಸುವವನು ತಿರಸ್ಕೃತನಾದ ಸಮಾರ್ಯದವನು. ನೆರೆಯವನು ಯಾರೆಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರ ಆ ಕಥೆ. ಬಾವಿಯ ನೀರಿಗೂ ಮಡಿಮೈಲಿಗೆ ಹಚ್ಚಿದ್ದ ಹಳ್ಳಿಗಳಲ್ಲಿ ಈ ಕಥೆಗಳಿಗೆ ಬೇರೆ ವ್ಯಾಖ್ಯಾನ ಬೇಕಿರಲಿಲ್ಲ.

ಆದರೆ ಈ ಉಪದೇಶವು ಹೇಳುವವನನ್ನೂ ಕಟ್ಟಿಹಾಕುತ್ತದೆ. ನೆರೆಯವನಿಗೆ ಮತದ ಮೇರೆಯಿಲ್ಲವೆಂದಾದರೆ, ತಾನು ಬಿಟ್ಟು ಬಂದ ಮತದವನೂ ನೆರೆಯವನೇ. ಅವನ ದೈವಭಕ್ತಿಯೂ ಗೌರವಾರ್ಹವೇ. ಕ್ರಿಸ್ತನನ್ನು ನಂಬಿದವನು ತನ್ನ ಪೂರ್ವಜರನ್ನು ಹೀನಾಯವಾಗಿ ಕಾಣುವುದು ಹೇಗೆ ಸರಿಯಾದೀತು? ಚನ್ನಪ್ಪನವರ ಬಾಳನ್ನು ತಿರುಗಿಸಿದ ಪ್ರಶ್ನೆ ಇದೆಂದು ಅವರ ಕೃತಿಗಳ ಕ್ರಮವನ್ನು ನೋಡಿದವರಿಗೆ ಅನ್ನಿಸದಿರದು.

ಬೆತ್ಲೆಹೇಮಿನ ವಿನಂತಿ

೧೯೧೪ರಲ್ಲಿ ಆರಂಭವಾದ ಮೊದಲ ಮಹಾಯುದ್ಧದ ಕಾಲದಲ್ಲಿ ಇಂಗ್ಲಿಷ್ ಸರ್ಕಾರವು ಜರ್ಮನ್ ಮಿಷನರಿಗಳನ್ನು ಶತ್ರುದೇಶದವರೆಂದು ಬಗೆದು ಸೆರೆಯಲ್ಲಿರಿಸಿತು, ದೇಶದಿಂದ ಹೊರಗೆ ಕಳುಹಿಸಿತು. ಬಾಸೆಲ್ ಮಿಷನ್ನಿನ ವ್ಯವಸ್ಥೆ ಅಸ್ತವ್ಯಸ್ತವಾಯಿತು. ಹಿಂದೆ ಉಳಿದ ದೇಶೀಯ ಬೋಧಕರಿಗೂ ವಿಶ್ವಾಸಿಗಳಿಗೂ ಎದುರಾದ ಪ್ರಶ್ನೆ ಸಣ್ಣದಲ್ಲ: ಈ ಸಭೆ ಯಾರದು? ನೆಟ್ಟವರು ಹೋದ ಮೇಲೆ ಈ ಗಿಡ ಯಾವ ಮಣ್ಣಿನ ಸತ್ವ ಹೀರಿ ಬದುಕಬೇಕು?

ಅಂಥ ಸಂಧಿಕಾಲದಲ್ಲಿ, ೧೯೨೧ರಲ್ಲಿ, ಚನ್ನಪ್ಪನವರ ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಕೃತಿ ಹೊರಬಂದಿತು. ಬನಾರಸವು ಹಿಂದೂ ಧರ್ಮದ ಹೃದಯಸ್ಥಾನ. ಬೆತ್ಲೆಹೇಮು ಕ್ರಿಸ್ತನು ಹುಟ್ಟಿದ ಊರು. ಒಂದು ಪುಣ್ಯಕ್ಷೇತ್ರವು ಇನ್ನೊಂದಕ್ಕೆ ಆಜ್ಞೆ ಮಾಡುತ್ತಿಲ್ಲ, ಸವಾಲು ಹಾಕುತ್ತಿಲ್ಲ, ವಿನಂತಿ ಮಾಡಿಕೊಳ್ಳುತ್ತಿದೆ. ಖಂಡನ ಮಂಡನಗಳ ಭಾಷೆಯೇ ರೂಢಿಯಾಗಿದ್ದ ಕಾಲದಲ್ಲಿ ಈ ಒಂದು ಶಬ್ದದ ಆಯ್ಕೆಯೇ ನವೀನವಾದದ್ದು. ಗೋದಲಿಯಲ್ಲಿ ಹುಟ್ಟಿದವನ ಅನುಯಾಯಿ ಬಾಗಿಲಲ್ಲಿ ನಿಂತು ಬೇಡಬೇಕಲ್ಲದೆ ಬಾಗಿಲನ್ನು ಒಡೆಯಬಾರದು ಎಂಬ ಭಾವ ಅದರಲ್ಲಿ ತುಂಬಿದೆ.

ಕ್ರಿಸ್ತನ ಮಹಿಮೆಯಲ್ಲಿ ಅವರಿಗಿದ್ದ ವಿಶ್ವಾಸ ಅಚಲವಾದದ್ದು. ಅದನ್ನು ಅವರು ಮರೆಮಾಚಲಿಲ್ಲ. ಓದುಗರೆಲ್ಲ ಅದನ್ನು ಒಪ್ಪಬೇಕೆಂದೇನೂ ಇಲ್ಲ. ಆದರೆ ಕ್ರಿಸ್ತನಲ್ಲಿ ನಂಬಿಕೆಯಿಡಲು ಭಾರತೀಯನು ತನ್ನ ನಾಡಿನ ಸಂಸ್ಕೃತಿಯನ್ನು ತೊರೆಯಬೇಕಾಗಿಲ್ಲ, ಪಾಶ್ಚಾತ್ಯರ ನಡೆಯುಡೆಗಳನ್ನು ತೊಡಬೇಕಾಗಿಲ್ಲ ಎಂಬುದು ಅವರ ನಿಲುವು. ಇಂಥ ಮಾತು ಎರಡೂ ಕಡೆಯ ಕಟ್ಟುನಿಟ್ಟಿನವರಿಗೆ ರುಚಿಸತಕ್ಕದ್ದಲ್ಲ. ಸ್ವಮತದವರಿಗೆ ಇದು ಅತಿಯಾದ ಸಲಿಗೆ. ಪರಮತದವರಿಗೆ ಒಳಸಂಚೆಂಬ ಶಂಕೆ. ಎರಡು ದಡಗಳನ್ನು ಕೂಡಿಸುವ ಸೇತುವೆಗೆ ಎರಡೂ ದಡಗಳ ಭಾರ ತಪ್ಪದು.

ಸರ್ವಜ್ಞನ ಹುಡುಕಾಟ

ತೆಲುಗರ ವೇಮನನನ್ನು ಸಿ. ಪಿ. ಬ್ರೌನರೂ, ತಮಿಳರ ತಿರುಕ್ಕುರಳನ್ನು ಜಿ. ಯು. ಪೋಪರೂ ಹತ್ತೊಂಬತ್ತನೆಯ ಶತಮಾನದಲ್ಲಿಯೇ ಲೋಕಕ್ಕೆ ಪರಿಚಯಿಸಿದ್ದರು. ಕನ್ನಡದ ಸರ್ವಜ್ಞನಾದರೋ ಎಲ್ಲರ ನಾಲಿಗೆಯಲ್ಲಿದ್ದು, ಯಾರ ಕೈಯಲ್ಲಿಯೂ ಸಮಗ್ರವಾಗಿ ಇರಲಿಲ್ಲ. ಈ ಕೊರತೆಯನ್ನು ನೀಗಲು ಚನ್ನಪ್ಪನವರು ಅನೇಕ ವರ್ಷ ಶ್ರಮಿಸಿದರು. ಬೋಧನೆಯ ನಿಮಿತ್ತ ಹಳ್ಳಿಗಳನ್ನು ಸುತ್ತುವ ಬೋಧಕನಿಗೆ ಹಳ್ಳಿಗರ ಬಾಯ ಪದ್ಯಗಳು ದಾರಿಯಲ್ಲಿಯೇ ದೊರೆಯುವಂಥವು. ಬಾಯಿಪಾಠವಾಗಿದ್ದವನ್ನು ಕೇಳಿ ಬರೆದುಕೊಂಡು, ಓಲೆಯ ಕಟ್ಟುಗಳನ್ನೂ ಹಸ್ತಪ್ರತಿಗಳನ್ನೂ ಅರಸಿ, ಪಾಠಗಳನ್ನು ತಾಳೆನೋಡಿ, ಸುಮಾರು ಎರಡು ಸಾವಿರ ತ್ರಿಪದಿಗಳನ್ನು ವಿಷಯಾನುಸಾರವಾಗಿ ಜೋಡಿಸಿದರು.

ಈ ಕಾರ್ಯದ ಕಷ್ಟವನ್ನು ಪಂಡಿತರೇ ಬಲ್ಲರು. ತ್ರಿಪದಿ ಅಂಶಗಣಗಳಿಂದಾದ ಅಚ್ಚ ದೇಶೀಯ ಛಂದಸ್ಸು. ಮೂರು ಪಾದಗಳಲ್ಲಿ ಒಟ್ಟು ೧೧ ಗಣಗಳು. ಆರನೆಯದು ಮತ್ತು ಹತ್ತನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಹಾಡುವಾಗ ಎಳೆದು ಕುಗ್ಗಿಸಿ ಹೊಂದಿಸಿಕೊಳ್ಳಬಹುದಾದ ಬಂಧವಾದುದರಿಂದ ಬಾಯಿಂದ ಬಾಯಿಗೆ ಹೋಗುವಾಗ ಶಬ್ದಗಳು ಸುಲಭವಾಗಿ ಪಲ್ಲಟಗೊಳ್ಳುತ್ತವೆ. ಕೊನೆಯಲ್ಲಿ ಸರ್ವಜ್ಞನೆಂಬ ಅಂಕಿತವೊಂದನ್ನು ಸೇರಿಸಿದರೆ ಯಾರ ಪದ್ಯವಾದರೂ ಅವನದೆಂದು ನಡೆಯುವ ಅಪಾಯವೂ ಉಂಟು. ಜೊಳ್ಳನ್ನು ತೂರಿ ಕಾಳನ್ನು ಉಳಿಸುವುದು ಕಣದ ಒಕ್ಕಲಿಗನಿಗಿಂತ ಸಂಪಾದಕನಿಗೆ ಕಠಿಣವಾದ ಕಾರ್ಯ. ಮುಂದಿನ ವಿದ್ವಾಂಸರು ಕೆಲವು ಪದ್ಯಗಳ ವಿಷಯದಲ್ಲಿ ಭಿನ್ನಮತ ತಾಳಿರಬಹುದು. ಆದರೆ ಅವರೆಲ್ಲರೂ ನಿಂತು ನೋಡಿದ್ದು ಚನ್ನಪ್ಪನವರು ಹಾಕಿದ ಅಡಿಗಲ್ಲಿನ ಮೇಲೆಯೇ.

ಐತಿಹ್ಯವು ಸರ್ವಜ್ಞನನ್ನು ಮಾಸೂರಿನ ಬಸವರಸನಿಗೂ ಅಬಲೂರಿನ ಕುಂಬಾರ ಕುಲದ ಮಾಳಿಗೂ ಹುಟ್ಟಿದವನೆಂದು ಹೇಳುತ್ತದೆ. ಒಂದು ಕುಲದ ಮನೆಯಲ್ಲಿ ನೆಲೆ ದೊರೆಯದೆ ಊರೂರು ಅಲೆದು, ಎಲ್ಲರ ಮನೆಯ ಭಿಕ್ಷೆಯನ್ನೂ ಉಂಡವನು ಆ ಕವಿ. ಕುಲದ ಹಮ್ಮನ್ನು ಅವನಷ್ಟು ನಿರ್ದಾಕ್ಷಿಣ್ಯವಾಗಿ ಹಂಗಿಸಿದವರು ಕಡಮೆ. ಎರಡು ಮತಗಳ ನಡುವೆ ನಿಂತ ಬೋಧಕನು ಎರಡು ಕುಲಗಳ ನಡುವೆ ಹುಟ್ಟಿದ ಕವಿಯನ್ನು ಅರಸಿ ಹೊರಟದ್ದು ಕೇವಲ ಆಕಸ್ಮಿಕವೆನ್ನಲಾಗದು. ಚನ್ನಪ್ಪನವರು ತಮ್ಮನ್ನು ತಿರುಳ್ಗನ್ನಡದ ತಿರುಕನೆಂದು ಕರೆದುಕೊಂಡರು. ಕನ್ನಡದ ತಿರುಳನ್ನು ಮನೆಮನೆಯ ಬಾಗಿಲಲ್ಲಿ ನಿಂತು ಬೇಡಿ ತಂದವರಿಗೆ ಇದಕ್ಕಿಂತ ಸಾರ್ಥಕವಾದ ಬಿರುದು ಬೇರೆಯಿಲ್ಲ.

ಶರಣರ ಮನೆಗೆ ಮರಳಿ

ಬಿಜಾಪುರದ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ೧೯೨೩ರಲ್ಲಿ ಪ್ರಕಟಿಸಿದರು. ಹಳಕಟ್ಟಿಯವರೂ ಧಾರವಾಡದಲ್ಲಿಯೇ, ೧೮೮೦ರಲ್ಲಿ ಜನಿಸಿದವರು. ಒಂದೇ ಊರಿನಲ್ಲಿ ಒಂದು ವರ್ಷದ ಅಂತರದಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬರು ಮನೆ ಮಾರಿ ವಚನಗಳನ್ನು ಅಚ್ಚು ಹಾಕಿಸಿದ ಲಿಂಗವಂತರು; ಇನ್ನೊಬ್ಬರು ಶಿಲುಬೆಯ ನೆರಳಿನಲ್ಲಿ ಕುಳಿತು ಶರಣರನ್ನು ಕುರಿತು ಧ್ಯಾನಿಸಿದ ಕ್ರೈಸ್ತರು. ವಚನ ಸಾಹಿತ್ಯದ ಉದ್ಧಾರದ ಕಥೆಯಲ್ಲಿ ಇಬ್ಬರಿಗೂ ಸ್ಥಾನವಿದೆ.

ಬಸವಣ್ಣನವರು ಅಸ್ಪೃಶ್ಯರನ್ನು ಉದ್ಧರಿಸಿದ ಬಗೆಯನ್ನು ಕುರಿತು ಚನ್ನಪ್ಪನವರು ಪುಸ್ತಕ ಬರೆದರು. ಸುವಾರ್ತೆಯಲ್ಲಿ ಸಮಾರ್ಯದ ಬಾವಿಯನ್ನು ಕಂಡ ಕಣ್ಣು, ಕಲ್ಯಾಣದಲ್ಲಿ ಹರಳಯ್ಯನ ಮನೆಗೂ ಮಧುವರಸನ ಮನೆಗೂ ಬೆಳೆದ ಬೀಗತನವನ್ನು ಕಾಣದೆ ಹೋದೀತೆ? ಬೇರೆ ದೇಶದಲ್ಲಿ ಅರಸಬೇಕಾದ ಬೆಳಕು ತಮ್ಮ ಪೂರ್ವಜರ ಮನೆಯಲ್ಲಿಯೇ ಎಂಟು ಶತಮಾನಗಳ ಹಿಂದೆ ಉರಿದಿತ್ತೆಂಬ ಅರಿವು ಅವರಿಗಾಯಿತು. ಅದರಿಂದ ಅವರ ಕ್ರೈಸ್ತ ವಿಶ್ವಾಸ ಕುಂದಲಿಲ್ಲ. ಬಂಧುತ್ವದ ಮೇರೆ ಮಾತ್ರ ಹಿಗ್ಗಿತು.

ಅನುಭವಮಂಟಪವೆಂಬುದು ಇತಿಹಾಸದಲ್ಲಿ ನಿಜವಾಗಿ ಇತ್ತೇ, ಅಥವಾ ಭಕ್ತರ ಕಲ್ಪನೆಯೇ ಎಂಬ ವಾದವು ವಿದ್ವಾಂಸರಲ್ಲಿ ಎದ್ದಾಗ, ಅದರ ಐತಿಹಾಸಿಕತೆಯನ್ನು ಸಮರ್ಥಿಸಿ ಗ್ರಂಥ ರಚಿಸಿದವರಲ್ಲಿ ಈ ಕ್ರೈಸ್ತ ಬೋಧಕರು ಪ್ರಮುಖರು. ಲಿಂಗವಂತರ ಪರವಾಗಿ ಲಿಂಗವಂತರು ವಾದಿಸಿದರೆ ಸ್ವಮತಾಭಿಮಾನವೆಂದು ತಳ್ಳಿಹಾಕಬಹುದು. ಚನ್ನಪ್ಪನವರ ವಾದವನ್ನು ಹಾಗೆ ತಳ್ಳಿಹಾಕುವಂತಿರಲಿಲ್ಲ. ಅವರಿಗೆ ಅದರಿಂದ ದೊರೆಯಬೇಕಾದ ಪೀಠವಿರಲಿಲ್ಲ, ಪಟ್ಟವಿರಲಿಲ್ಲ.

ಅವರು ಸಂಪಾದನೆಗೆ ಎತ್ತಿಕೊಂಡ ಶರಣರಲ್ಲಿ ಸೊನ್ನಲಿಗೆಯ ಸಿದ್ಧರಾಮ, ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿ, ಆದಯ್ಯ ಇವರು ಮುಖ್ಯರು. ಇವರನ್ನು ಒಂದೆಡೆ ಇರಿಸಿ ನೋಡಿದರೆ ಸ್ವಾರಸ್ಯವೊಂದು ಹೊಳೆಯುತ್ತದೆ. ಮಾರಯ್ಯನು ಕಾಶ್ಮೀರದ ಅರಸುತನವನ್ನು ತೊರೆದು, ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಮಾರಿ ಕಾಯಕ ಮಾಡಿದನೆಂದು ಪ್ರತೀತಿ. ಆದಯ್ಯನು ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದು ಕನ್ನಡದ ವಚನಕಾರನಾದವನು. ಹುಟ್ಟಿದ ನಾಡು ಯಾವುದಾದರೇನು, ಬಂದು ಸೇರಿದಲ್ಲಿ ಬೆವರು ಸುರಿಸಿ ಬಾಳಿದವನು ಅಲ್ಲಿಯವನೇ ಎಂಬುದಕ್ಕೆ ಈ ಶರಣರು ನಿದರ್ಶನ. ಅವರ ವಚನಗಳನ್ನು ಶುದ್ಧಪಡಿಸಿ ಕೊಟ್ಟವರು ಹೊರಗಿನವರೆನಿಸಿಕೊಂಡ ಪಾದ್ರಿಗಳೆಂಬುದು ಎಷ್ಟು ಉಚಿತವಾದ ಯೋಗ!

ಕಲಬುರ್ಗಿಯ ಗೌರವ

೧೯೪೮ರಲ್ಲಿ ಹೈದರಾಬಾದು ಸಂಸ್ಥಾನವು ಭಾರತದಲ್ಲಿ ವಿಲೀನವಾಯಿತು. ಅದರ ಮರುವರ್ಷ, ೧೯೪೯ರಲ್ಲಿ, ಕಲಬುರ್ಗಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಚನ್ನಪ್ಪನವರನ್ನು ಅಧ್ಯಕ್ಷರನ್ನಾಗಿ ಆರಿಸಲಾಯಿತು. ಮತದ ಹೆಸರಿನಲ್ಲಿ ನಡೆದ ಹಿಂಸೆಯ ಗಾಯ ದೇಶದಲ್ಲೆಲ್ಲ ಇನ್ನೂ ಹಸಿಯಾಗಿತ್ತು. ಕರ್ನಾಟಕದ ಏಕೀಕರಣಕ್ಕೆ ಇನ್ನೂ ೭ ವರ್ಷಗಳಿದ್ದವು. ಕನ್ನಡಿಗರು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದರು. ಅಂಥ ಗಳಿಗೆಯಲ್ಲಿ, ಮುಸ್ಲಿಂ ಅರಸರ ಆಳ್ವಿಕೆಯಲ್ಲಿದ್ದು ಬಿಡುಗಡೆ ಹೊಂದಿದ ನಗರದಲ್ಲಿ, ಬಹುಸಂಖ್ಯಾತ ಹಿಂದೂಗಳೂ ಲಿಂಗವಂತರೂ ಕೂಡಿದ ಸಭೆಯು ಒಬ್ಬ ಕ್ರೈಸ್ತ ಬೋಧಕನನ್ನು ತನ್ನ ಅಗ್ರಪೀಠದಲ್ಲಿ ಕುಳ್ಳಿರಿಸಿತು. ಬೆತ್ಲೆಹೇಮಿನ ವಿನಂತಿಗೆ ಕನ್ನಡ ನಾಡು ಕೊಟ್ಟ ಉತ್ತರವೇ ಇದೆಂದರೆ ತಪ್ಪಾಗದು.

ಅಂತ್ಯಕಾಲ

ಜೀವನದ ಕೊನೆಯ ದಶಕದಲ್ಲಿಯೂ ಅವರು ವಚನ ಸಾಹಿತ್ಯದ ಸಂಪಾದನೆಯನ್ನು ನಿಲ್ಲಿಸಲಿಲ್ಲ. ೧೯೬೨ರ ಆಗಸ್ಟ್ ೨೮ರಂದು, ೮೧ನೆಯ ವರ್ಷದಲ್ಲಿ, ಅವರು ಇಹವ್ಯಾಪಾರವನ್ನು ಮುಗಿಸಿದರು. ಕ್ರೈಸ್ತರಾಗಿ ಬಾಳಿದರು, ಕ್ರೈಸ್ತರಾಗಿಯೇ ಕಣ್ಣು ಮುಚ್ಚಿದರು. ಶರಣರನ್ನು ಮೆಚ್ಚಿದರೆಂದು ಕ್ರಿಸ್ತನನ್ನು ಬಿಡಲಿಲ್ಲ. ಕ್ರಿಸ್ತನನ್ನು ನಂಬಿದರೆಂದು ಶರಣರನ್ನು ಮರೆಯಲಿಲ್ಲ.

ಪರಮತ ಸಹಿಷ್ಣುತೆಯೆಂಬ ಮಾತು ಸಭೆಗಳಲ್ಲಿ ಧಾರಾಳವಾಗಿ ಕೇಳಿಬರುತ್ತದೆ. ಸಹಿಸುವುದೆಂದರೆ ಬೇಡವಾದುದನ್ನು ತಾಳಿಕೊಳ್ಳುವುದು ಮಾತ್ರ. ಚನ್ನಪ್ಪನವರದು ಅದಕ್ಕೂ ಮಿಗಿಲಾದುದು. ಇನ್ನೊಬ್ಬರ ಮನೆಯ ನಿಕ್ಷೇಪವನ್ನು ತಮ್ಮದೆಂಬಷ್ಟು ಅಕ್ಕರೆಯಿಂದ ಅಗೆದು, ತೊಳೆದು, ಒರೆಸಿ, ಆ ಮನೆಯವರಿಗೇ ಒಪ್ಪಿಸಿದ ಕಾಯಕವದು. ದುಡಿಮೆಯಿಲ್ಲದ ಔದಾರ್ಯ ಬಾಯಿಮಾತಾಗಿ ಉಳಿಯುತ್ತದೆ; ಅವರ ಔದಾರ್ಯವು ಎರಡು ಸಾವಿರ ತ್ರಿಪದಿಗಳ ರೂಪದಲ್ಲಿ ಉಳಿದಿದೆ.

ಶರಣಧರ್ಮದ ಹೆಸರಿನಲ್ಲಿ ಅನ್ನ, ಅಕ್ಷರ, ಆಶ್ರಯಗಳನ್ನು ಎಲ್ಲ ಕುಲದ ಮಕ್ಕಳಿಗೂ ನೀಡುತ್ತ ಬಂದಿರುವ ಮಠಗಳ ವಿದ್ಯಾಸಂಸ್ಥೆಗಳಿಗೆ ಈ ಪಾದ್ರಿಗಳ ಸ್ಮರಣೆ ಪರಕೀಯವಾದುದಲ್ಲ. ದಾನಿಗಳು ಕೊಟ್ಟ ಅಕ್ಕಿಯ ಅನ್ನವನ್ನು ಒಂದೇ ಪಂಕ್ತಿಯಲ್ಲಿ ಉಂಡ ಮಕ್ಕಳು, ಪಂಕ್ತಿಯಿಂದೆದ್ದು ಲೋಕಕ್ಕೆ ಹೋದ ಮೇಲೂ ಆ ಸಾಲನ್ನು ಮರೆಯದಿದ್ದರೆ ಕೊಟ್ಟದ್ದೂ ಕಲಿಸಿದ್ದೂ ಸಾರ್ಥಕ. ಅಂತರಸಂತೆಯಂಥ ಊರಿನ ಶಾಲೆಯಲ್ಲಿ ಮಗುವೊಂದು ಸರ್ವಜ್ಞನ ತ್ರಿಪದಿಯನ್ನು ಒಪ್ಪಿಸುವಾಗ, ಅದನ್ನು ಆಯ್ದುಕೊಟ್ಟವರ ಹೆಸರನ್ನೂ ಅವರ ಮತವನ್ನೂ ಅವರು ಸೇರಿದ್ದ ಬಳಗವನ್ನೂ ಗುರುಗಳು ಒಂದು ಮಾತಿನಲ್ಲಿ ತಿಳಿಸಿದರೆ ಸಾಕು. ತಿರುಳ್ಗನ್ನಡದ ತಿರುಕನ ಜೋಳಿಗೆಗೆ ಸಲ್ಲಬೇಕಾದ ಭಿಕ್ಷೆ ಸಂದಂತಾಯಿತು.